ಐಸ್ ಫ್ಯಾಕ್ಟರಿಯ ಅಂಗಿ

ಜಯನಗರ ಮೂರನೇ ಬ್ಲಾಕ್, ಬೆಂಗಳೂರು
ಭಾನುವಾರ, 26 ಮೇ 1963

ಪ್ರಿಯರಾದ ನಿಮಗೆ, ವಾರಿಜಾ ಮಾಡುವ ನಮಸ್ಕಾರಗಳು.

ಒಂದು ಮಾತನ್ನು ಈ ಸಲವೂ ಬರೆಯದೆ ಬಿಟ್ಟುಬಿಡುವವಳಿದ್ದೆ. ಮಾವಿನಕಾಯಿಯ ಸಮಾಚಾರ, ನಲ್ಲಿ ನೀರಿನ ಸಮಾಚಾರ ಬರೆದು ಇನ್‌ಲ್ಯಾಂಡ್ ಕಾಗದದ ಮೂರು ಮಡಿಕೆ ತುಂಬಿಸಿ ಅಂಟಿಸುವುದು ನನಗೆ ಅಭ್ಯಾಸವಾಗಿಹೋಗಿದೆ. ಅದಕ್ಕೇ ಇವತ್ತು ಬಿಳಿ ಹಾಳೆ ತೆಗೆದುಕೊಂಡು ಕೂತಿದ್ದೇನೆ. ಮಾತು ಇಷ್ಟೇ. ಹೋದ ವರ್ಷ ಮಾರ್ಚ್ ಆರನೇ ತಾರೀಖು, ಮಂಗಳವಾರ ಸಂಜೆ, ನೀವು ಬಿಚ್ಚಿಕೊಟ್ಟ ಅಂಗಿಯಲ್ಲಿ ಅಮೋನಿಯಾ ವಾಸನೆ ಇತ್ತು. ನನಗೆ ಗೊತ್ತಾಯಿತು. ನಾನು ಹೇಳಲಿಲ್ಲ.

ಬರೆದೆ. ಇನ್ನು ಉಳಿದದ್ದನ್ನು ನಿಧಾನವಾಗಿ ಬರೆಯಬಹುದು.

ತಡವಾದದ್ದಕ್ಕೆ ಕ್ಷಮಿಸಿ. ಯುಗಾದಿಯ ಹೊತ್ತಿಗೆ ಬಂದ ನಿಮ್ಮ ಕಾಗದಕ್ಕೆ ಎರಡು ತಿಂಗಳಾದರೂ ಉತ್ತರ ಹೋಗಲಿಲ್ಲ. ಬರೆಯಲಿಲ್ಲ ಎಂದರೆ ಸುಳ್ಳಾಗುತ್ತದೆ, ನಾಲ್ಕು ಸಲ ಬರೆದೆ. ಮೊದಲನೆಯದು ಇಂಗ್ಲಿಷಿನಲ್ಲಿ. ಕಾನ್ವೆಂಟಿನಲ್ಲಿ ನಮಗೆ ಕಾಗದ ಬರೆಯುವುದನ್ನು ಕಲಿಸಿದ್ದು ಆ ಭಾಷೆಯಲ್ಲಿ. ತಪ್ಪು ಒಪ್ಪಿಕೊಳ್ಳುವುದು ಅದರಲ್ಲಿ ಎಷ್ಟು ಸಲೀಸಾಯಿತು ಎಂದರೆ, ಮುಗಿಸಿ ಓದಿದಾಗ ರಜಾ ಅರ್ಜಿಯ ಹಾಗೆ ಕಂಡಿತು. ಒಲೆಗೆ ಹಾಕಿದೆ. ಉಳಿದ ಮೂರೂ ಅಲ್ಲಿಗೇ ಹೋದವು.

ಇಲ್ಲಿ ಎಲ್ಲರೂ ಕ್ಷೇಮ. ನಿಮ್ಮ ಅಕ್ಕ ಲಕ್ಷ್ಮಿದೇವಮ್ಮನವರು ಚಾಮರಾಜಪೇಟೆಯಿಂದ ಬಂದು ಹದಿನೈದು ದಿನ ಇದ್ದು ಹೋದರು. ನಿಮಗೆಂದು ಒಂದು ಜಾಡಿ ಮಿಡಿ ಉಪ್ಪಿನಕಾಯಿ ಹಾಕಿ, ಬಾಯಿಗೆ ಬಟ್ಟೆ ಕಟ್ಟಿಟ್ಟಿದ್ದಾರೆ. ಆ ಮೀನಿನ ಊರಿನಲ್ಲಿ ನನ್ನ ತಮ್ಮ ಮೊಸರನ್ನ ಹೇಗೆ ಗಂಟಲಲ್ಲಿ ಇಳಿಸುತ್ತಾನೋ ಎಂದು ದಿನಕ್ಕೆರಡು ಸಲ ಕೊರಗುತ್ತಿದ್ದರು. ಕಾರವಾರದಲ್ಲೂ ಮೊಸರು ಸಿಗುತ್ತದೆ ಎಂದರೆ ನಂಬುವವರಲ್ಲ. ನೀವು ಮೀನಿಗೆ ಐಸ್ ಮಾಡುವ ಫ್ಯಾಕ್ಟರಿಯಲ್ಲಿದ್ದೀರಿ ಎಂಬುದನ್ನು ನೆಂಟರಿಷ್ಟರಿಗೆ ‘ಸಮುದ್ರದ ಕಡೆ ದೊಡ್ಡ ಕೆಲಸ’ ಎಂದು ಹೇಳಿಕೊಂಡಿದ್ದಾರಂತೆ. ಹೊರಡುವ ದಿನ ಜಟಕಾ ಹತ್ತುವ ಮುಂಚೆ ನನ್ನ ಮುಖವನ್ನೇ ಒಂದು ಗಳಿಗೆ ನೋಡಿದರು. ಹದಿಮೂರು ತಿಂಗಳಾಯಿತು, ನೀನ್ಯಾಕೆ ಇನ್ನೂ ಅವನ ಹತ್ತಿರ ಹೋಗಿಲ್ಲ ಎಂದು ಕೇಳುತ್ತಾರೆ ಅಂದುಕೊಂಡೆ. ಕೇಳಲಿಲ್ಲ. ಕೇಳಿದ್ದರೆ, ನೀವು ನನ್ನನ್ನು ಕರೆದಿಲ್ಲ ಎಂದು ಹೇಳಬೇಕಾಗುತ್ತಿತ್ತು.

ಈಗ ಮೊದಲಿನಿಂದ ಬರೆಯುತ್ತೇನೆ. ನಿಮಗೆ ಗೊತ್ತಿರುವುದೇ. ಆದರೂ ಕ್ರಮವಾಗಿ ಬರೆದರೆ ಎಲ್ಲಿ ಕಾಲು ಜಾರಿತೆಂದು ನನಗಾದರೂ ಕಂಡೀತು.

ಐವತ್ತನಾಲ್ಕರಲ್ಲಿ ನೀವು ಯಡಿಯೂರು ಕೆರೆಯ ಪಕ್ಕದ ಐಸ್ ಫ್ಯಾಕ್ಟರಿಗೆ ಇಂಜಿನಿಯರಾಗಿ ಸೇರಿದ ಹೊಸದರಲ್ಲಿ, ಒಂದು ಸಂಜೆ ನಿಮ್ಮ ಅಂಗಿಯನ್ನು ಬಕೆಟ್ಟಿಗೆ ಹಾಕುವಾಗ ನಾನು ಮೂಗು ಮುಚ್ಚಿಕೊಂಡು, ಇದೇನು, ಕಲಾಯಿಯವನ ತಿದಿಯ ಮುಂದೆ ಕೂತಿದ್ದಿರಾ ಎಂದು ಕೇಳಿದೆ. ನೀವು ಅಂಗಿ ಕಿತ್ತುಕೊಂಡು ಮೂಸಿ ನೋಡಿದಿರಿ. ನಿಮಗೆ ಏನೂ ತಿಳಿಯಲಿಲ್ಲ. ಕಾಫಿಯನ್ನೂ ಕುಡಿಯದೆ ಸೈಕಲ್ ಹತ್ತಿ ವಾಪಸ್ ಹೋದಿರಿ. ಎರಡು ಗಂಟೆಯ ಮೇಲೆ ಬಂದು, ಗಂಧಕದ ಕಡ್ಡಿ ಹೊತ್ತಿಸಿ ಪೈಪುಗಳ ಉದ್ದಕ್ಕೂ ಹಿಡಿದೆ, ಒಂದು ವಾಲ್ವಿನ ಹತ್ತಿರ ದಟ್ಟವಾಗಿ ಬಿಳಿ ಹೊಗೆ ಎದ್ದಿತು, ಐಸ್ ಮಾಡುವ ಯಂತ್ರದ ಅಮೋನಿಯಾ ಗ್ಯಾಸು ಅಲ್ಲಿಂದಲೇ ಸೋರುತ್ತಿತ್ತು ಎಂದಿರಿ. ಆಮೇಲೆ ನೀವು ಹೇಳಿದ್ದು ನನಗೆ ಅಕ್ಷರಶಃ ನೆನಪಿದೆ.

“ದಿನವಿಡೀ ಅದರೊಳಗೇ ಇರೋರಿಗೆ ಮೂಗು ಸತ್ತುಹೋಗುತ್ತೆ ಕಣೇ. ನಂಗೂ ಅಷ್ಟೇ, ಯಂತ್ರ ನಡೆಸೋ ಬೋರಣ್ಣಂಗೂ ಅಷ್ಟೇ. ಹೊರಗಿನ ಮೂಗೊಂದು ಬೇಕು.”

ಅಲ್ಲಿಂದ ಎಂಟು ವರ್ಷ ನಾನು ಆ ಫ್ಯಾಕ್ಟರಿಯ ಹೊರಗಿನ ಮೂಗಾದೆ. ನೀವು ಬಂದು ಅಂಗಿ ಬಿಚ್ಚಿ ಕೊಡುವುದು, ನಾನು ಬಚ್ಚಲ ಬಾಗಿಲಲ್ಲಿ ನಿಂತು ಮೂಸಿ ‘ಇದೆ’ ಅಥವಾ ‘ಇಲ್ಲ’ ಎನ್ನುವುದು. ‘ಇದೆ’ ಎಂದ ದಿನ ನೀವು ಅದೇ ಅಂಗಿ ಹಾಕಿಕೊಂಡು ಹೊರಟುಬಿಡುತ್ತಿದ್ದಿರಿ. ಬೇಸಿಗೆಯಲ್ಲಿ ವಾರಕ್ಕೆ ಎರಡು ಮೂರು ಸಂಜೆ ಹಾಗೇ ಹೋಗುತ್ತಿತ್ತು. ಮೊದಲು ನನಗೆ ಅದೊಂದು ಹೆಮ್ಮೆ. ಆಮೇಲೆ, ಈಗ ಹೇಳುತ್ತೇನೆ, ಆ ಒಂದು ಮಾತಿನಿಂದ ನಿಮ್ಮನ್ನು ನಾನೇ ಮನೆಯಿಂದ ಕಳಿಸುತ್ತಿದ್ದೇನೆ ಅನ್ನಿಸತೊಡಗಿತು. ಮನೆಯಲ್ಲಿ ಇರುವವರು ಇಬ್ಬರೇ. ಒಬ್ಬರು ಹೊರಟರೆ ಇನ್ನೊಬ್ಬರಿಗೆ ಉಳಿಯುವುದು ಗೋಡೆ ಗಡಿಯಾರ. ಒಂದು ದಿನವೂ ನಾನು ದೂರಲಿಲ್ಲ. ದೂರಿದ್ದರೆ ಒಳ್ಳೆಯದಿತ್ತೇನೋ.

ಆ ಮಂಗಳವಾರ ನೀವು ಐದು ಗಂಟೆಗೇ ಬಂದಿರಿ. ಅಂಗಿ ನನ್ನ ಕೈಗೆ ಕೊಟ್ಟು, ಬಚ್ಚಲಿನಲ್ಲಿ ಮುಖಕ್ಕೆ ನೀರು ಹಾಕಿಕೊಳ್ಳುತ್ತಲೇ ಹೇಳಿದಿರಿ. “ನಡಿ ವಾರಿಜಾ, ಲಾಲ್‌ಬಾಗ್ ಬಂಡೆ ತನಕ ಹೋಗ್ಬರೋಣ. ಎಷ್ಟು ದಿನ ಆಯ್ತು.”

ಅಂಗಿ ನನ್ನ ಮುಖದ ಹತ್ತಿರವೇ ಇತ್ತು. ಬೆಳಿಗ್ಗೆ ನಮ್ಮ ಬೀದಿಯ ಹೊಂಗೆ ಮರದ ಕೆಳಗೆ ಕಲಾಯಿಯವನು ಬಂದಿದ್ದ. ಮೂರು ಮನೆಯ ತಪ್ಪಲೆ, ಕೊಳಗಗಳನ್ನು ಕಾಯಿಸಿ ನವಸಾಗರ ಉಜ್ಜಿದ್ದ. ಬಿಸಿಗೆ ಅದೂ ಅಮೋನಿಯಾದ ಹಾಗೇ ನಾರುತ್ತದೆ, ಬೀದಿಯಲ್ಲೆಲ್ಲ ಆ ವಾಸನೆ ತುಂಬಿತ್ತು. ಅದೇ ಇದು ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಎಂಟು ವರ್ಷ ಮೂಸಿದ ಮೂಗು ಇದು. ಕಲಾಯಿಯ ವಾಸನೆಯಲ್ಲಿ ಇದ್ದಿಲಿನ ಹೊಗೆ ಬೆರೆತಿರುತ್ತದೆ. ಅಂಗಿಯಲ್ಲಿದ್ದದ್ದು ಬರಿಯ ಗ್ಯಾಸು, ಸೂಜಿಯ ಹಾಗೆ. ಅಂಗಿಯನ್ನು ನೀರಿಗೆ ಹಾಕಿ, ಹಸಿರು ಅಂಚಿನ ಸೀರೆ ಉಟ್ಟುಕೊಂಡು ಬಂದೆ.

ಲಾಲ್‌ಬಾಗಿನ ಸಿದ್ದಾಪುರದ ಕಡೆಯ ಗೇಟಿನ ಹತ್ತಿರ ನೀವು ಕೇಳಿದಿರಿ, ಅಂಗಿ ಹೇಗಿತ್ತು ಎಂದು. ಬೀದಿ ತುಂಬ ಕಲಾಯಿ ವಾಸನೆ, ಅದರಲ್ಲಿ ಬೇರೆ ಏನೂ ತಿಳಿಯಲಿಲ್ಲ ಎಂದೆ. ನೀವು “ಹಾಗಾದ್ರೆ ಸರಿ” ಎಂದು ಸೀಬೆಹಣ್ಣಿನವಳ ಕಡೆ ತಿರುಗಿದಿರಿ.

ಮಾರನೆಯ ಬೆಳಿಗ್ಗೆ ಆದದ್ದನ್ನು ನಾನು ಬರೆಯಬೇಕಾಗಿಲ್ಲ, ಆದರೂ ಬರೆಯುತ್ತೇನೆ. ಏಳು ಗಂಟೆಗೆ ಬೋರಣ್ಣ ಕಂಪ್ರೆಸರ್ ಚಾಲೂ ಮಾಡಿದ. ಅದರ ದಂಡ ಹೊರಗೆ ಬರುವ ಕಡೆ ಗ್ಯಾಸು ಸೋರದಂತೆ ಸುತ್ತಿದ್ದ ಪ್ಯಾಕಿಂಗ್ ಹಿಂದಿನ ದಿನವೇ ಸಡಿಲವಾಗಿ ಸೋರುತ್ತಿತ್ತು. ಅವನು ಬಗ್ಗಿ ನಟ್ಟು ಬಿಗಿ ಮಾಡಲು ಹೋದಾಗ ಪೂರ್ತಿ ಕಿತ್ತುಕೊಂಡು ಗ್ಯಾಸು ಮುಖಕ್ಕೆ ಹೊಡೆಯಿತು. ನೀವೇ ಅವನನ್ನು ಎಳೆದುಕೊಂಡು ಹೋಗಿ ನೀರಿನ ತೊಟ್ಟಿಯಲ್ಲಿ ಮುಖ ಅದ್ದಿಸಿದಿರಿ. ಬಲಗಣ್ಣು ಉಳಿಯಿತು. ಎಡಗಣ್ಣು ಹೋಯಿತು.

ಗಂಧಕದ ಕಡ್ಡಿ ಹಿಡಿದು ನೋಡದೆ ಹಿಂದಿನ ಸಂಜೆ ತಪಾಸಣೆಯ ಪುಸ್ತಕಕ್ಕೆ ‘ಸರಿಯಿದೆ’ ಎಂದು ಸಹಿ ಹಾಕಿದ್ದೆ ಎಂದು ನೀವು ಮಾಲೀಕರಿಗೆ ಹೇಳಿದ್ದು ನಮ್ಮ ಮನೆಯ ಹಜಾರದಲ್ಲೇ. ಬೇಗ ಮನೆಗೆ ಬರಬೇಕಿತ್ತು, ಬಿಟ್ಟೆ, ತಪ್ಪು ಪೂರ್ತಿ ನನ್ನದು ಎಂದಿರಿ. ನಾನು ಕಾಫಿಯ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಆಗ ಹೇಳಬಹುದಿತ್ತು. ಲೋಟಗಳನ್ನು ಮೇಜಿನ ಮೇಲಿಟ್ಟು ಒಳಗೆ ಹೋದೆ. ನೀವು ರಾಜೀನಾಮೆ ಕೊಟ್ಟಾಗ ಹೇಳಬಹುದಿತ್ತು. ಕಾರವಾರದ ಬಸ್ಸು ಹತ್ತಿಸುವಾಗಲೂ ಸಮಯವಿತ್ತು, ಬಸ್ಸು ಅರ್ಧ ಗಂಟೆ ತಡವಾಗಿ ಹೊರಟಿತು.

ಈ ಜನವರಿಯಲ್ಲಿ ಬೋರಣ್ಣ ಮನೆಗೆ ಬಂದ. ಕಪ್ಪು ಕನ್ನಡಕ ಹಾಕಿಕೊಂಡಿದ್ದ. ಹೊಸ ಇಂಜಿನಿಯರು ವಾರಕ್ಕೊಮ್ಮೆ ಶನಿವಾರ ಬಂದು ಹೋಗುತ್ತಾರಂತೆ. ಹೋದ ವರ್ಷ ಒಂಬತ್ತು ಸಿಲಿಂಡರ್ ಗ್ಯಾಸು ತುಂಬಿಸಿದರಂತೆ, ತುಂಬಿಸಿದ್ದೆಲ್ಲ ಎಲ್ಲಿ ಹೋಗುತ್ತಿದೆ ಎಂದು ಯಾರಿಗೂ ತಿಳಿಯದು, ಆಳುಗಳ ಕಣ್ಣು ಮಾತ್ರ ಸದಾ ಕೆಂಪು. ಹೊಸಿಲಿನ ಆಚೆಯೇ ನಿಂತು ಕೇಳಿದ. “ಸಾಹೇಬ್ರು ನಿಮ್ ಮೂಗಿನ್ ಇಸ್ಯ ಯಾವಾಗ್ಲೂ ಯೋಳೋರು ಅಮ್ಮಾವ್ರೆ. ಒಂದ್ ದಪ ಬಂದು ನೋಡ್ಬುಡಿ. ಇನ್ನೊಬ್ಬಂದು ಕಣ್ ಹೋಗಾದ್ ಬ್ಯಾಡ.”

ಬರುತ್ತೇನೆ ಎಂದೆ. ಅವತ್ತಿನಿಂದ ಬೆಳಿಗ್ಗೆ ಆರೂವರೆಗೆ, ಯಂತ್ರ ಚಾಲೂ ಮಾಡುವ ಮುಂಚೆ, ಯಡಿಯೂರಿಗೆ ನಡೆದು ಹೋಗುತ್ತೇನೆ. ಕಂಪ್ರೆಸರ್ ಕೋಣೆಯ ಬಾಗಿಲನ್ನು ಬೋರಣ್ಣ ತೆರೆಯುತ್ತಾನೆ. ನಾನು ಹೊಸಿಲಲ್ಲಿ ನಿಂತು ಉಸಿರು ಎಳೆದುಕೊಂಡು ‘ಇದೆ’ ಅಥವಾ ‘ಇಲ್ಲ’ ಎನ್ನುತ್ತೇನೆ. ‘ಇದೆ’ ಎಂದರೆ ಅವನು ಕಡ್ಡಿ ಹೊತ್ತಿಸಿಕೊಂಡು ಒಂದೊಂದು ಜಾಯಿಂಟನ್ನೂ ಹುಡುಕುತ್ತಾ ಹೋಗುತ್ತಾನೆ. ಮೊದಲ ವಾರದಲ್ಲೇ ಐದು ಕಡೆ ಬಿಳಿ ಹೊಗೆ ಎದ್ದಿತು. ಪ್ಯಾಕಿಂಗ್ ಹಾಳಾದ ಮೇಲೆ ಬದಲಾಯಿಸುವುದನ್ನು ಬಿಟ್ಟು, ಸವೆಯುವ ಮುಂಚೆಯೇ ಬದಲಾಯಿಸುತ್ತಿದ್ದಾನೆ. ಈ ವರ್ಷ ಇಲ್ಲಿಯ ತನಕ ಒಂದೇ ಸಿಲಿಂಡರ್ ಬೇಕಾಗಿದೆ. ನಿಮಗೆ ಇದು ಸಂತೋಷದ ಸುದ್ದಿ ಎಂದು ಗೊತ್ತು. ಎಷ್ಟೋ ಸಲ ಇದನ್ನು ಬರೆಯಬೇಕೆನ್ನಿಸಿತು. ಇದನ್ನು ಬರೆದರೆ ಅದನ್ನೂ ಬರೆಯಬೇಕಾಗುತ್ತದೆ ಎಂದು ಸುಮ್ಮನಾದೆ.

ಏಪ್ರಿಲ್ ಕೊನೆಯಲ್ಲಿ ಒಂದು ಬೆಳಿಗ್ಗೆ ನಾನು ‘ಇಲ್ಲ’ ಎಂದೆ. ಬೋರಣ್ಣ ಯಾಕೋ ಕಡ್ಡಿ ಹೊತ್ತಿಸಿ ನೋಡಿದ. ಬಾಗಿಲಿಗೆ ಹತ್ತಿರದ ವಾಲ್ವಿನಲ್ಲೇ ಹೊಗೆ ಎದ್ದಿತು. ದಿನಾ ಬಂದು ಬಂದು ನನ್ನ ಮೂಗೂ ಒಳಗಿನ ಮೂಗಾಗಿಬಿಟ್ಟಿತ್ತು. ಅವನು ಸಮಾಧಾನ ಮಾಡಿದ, ಮೂಗು ತಾನೇ ಅಮ್ಮಾವ್ರೆ, ಅದಕ್ಕೂ ಬ್ಯಾಸರ ಆಯ್ತದೆ ಎಂದು ನಕ್ಕ. ಆಮೇಲೆ ಅವನೇ ಒಂದು ಏರ್ಪಾಟು ಮಾಡಿದ. ಈಗ ಒಂದು ವಾರ ನನ್ನದು, ಒಂದು ವಾರ ಹೂವಾಡಗಿತ್ತಿ ನಾರಾಯಣಮ್ಮನದು. ನಾವು ‘ಇಲ್ಲ’ ಎಂದರೂ ಕಡ್ಡಿ ಹಿಡಿಯಲೇಬೇಕು, ಹಿಡಿದ ಮೇಲೆಯೇ ಸಹಿ. ನಾರಾಯಣಮ್ಮ ಬುಟ್ಟಿ ಕೆಳಗಿಟ್ಟು, ಸೊಂಟಕ್ಕೆ ಕೈಕೊಟ್ಟು ಮೂಸುವ ರೀತಿಯನ್ನು ನೀವು ನೋಡಬೇಕು. ಮೊನ್ನೆ ಅವಳ ವರದಿ ಹೀಗಿತ್ತು. “ಗ್ಯಾಸ್ ಇಲ್ಲ. ಬೋರಣ್ಣ ಇವತ್ತೂ ಮೈ ತೊಳ್ದಿಲ್ಲ. ಅದ್ನೂ ಬುಕ್ಕಲ್ಲಿ ಬರ್ಕಳಿ.”

ನನ್ನ ತಪ್ಪಿಗೆ ಬೋರಣ್ಣ ನಕ್ಕು ಸಮಾಧಾನ ಹೇಳಿದನಲ್ಲ, ಅದು ನನ್ನನ್ನು ತಿನ್ನತೊಡಗಿತು. ತಿಳಿಯದೆ ‘ಇಲ್ಲ’ ಎಂದದ್ದಕ್ಕೆ ಸಿಕ್ಕಿದ ಕ್ಷಮೆಯನ್ನು ತಿಳಿದೂ ಸುಮ್ಮನಿದ್ದವಳು ಇಟ್ಟುಕೊಳ್ಳಬಹುದೇ? ಹೋದ ಭಾನುವಾರ ಅವನ ಮನೆಗೆ ಹೋದೆ. ಅವನ ಹೆಂಡತಿ ಮಂಗಮ್ಮ ಜಗಲಿಯಲ್ಲಿ ಮೊರ ಹಿಡಿದು ರಾಗಿ ಕೇರುತ್ತಿದ್ದಳು. ಬೋರಣ್ಣ ಚಾಪೆ ಹಾಸಿದ. ಕೂರದೆ ನಿಂತುಕೊಂಡೇ ಎಲ್ಲವನ್ನೂ ಹೇಳಿದೆ, ಅಂಗಿ, ಕಲಾಯಿ, ಲಾಲ್‌ಬಾಗ್.

ಬೋರಣ್ಣ ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿಕೊಂಡ. ಮತ್ತೆ ಹಾಕಿಕೊಂಡು ಹೇಳಿದ.

“ಒಂದ್ ಕಣ್ಣಿಗೆ ಎಷ್ಟ್ ಜನ ಪಾಲುದಾರ್ರು ನೋಡ್ರಮ್ಮ. ಸಾಹೇಬ್ರು ತಪ್ಪು ನಂದು ಅಂದ್ರು. ಈಗ ನೀವು ನಂದು ಅಂತೀರಿ. ಕಣ್ಣ್ ಮಾತ್ರ ನಂದೊಬ್ಬಂದೇ ಹೋಯ್ತು.”

ಅವನು ನಗುತ್ತಲೇ ಹೇಳಿದ, ಆದರೆ ಹೇಳಿದ. ಮಂಗಮ್ಮ ನಗಲಿಲ್ಲ. ಮೊರವನ್ನು ಕೆಳಗಿಟ್ಟಳು.

“ಅವತ್ ಸಂಜೆ ನೀವು ಒಂದ್ ಮಾತು ಅಂದಿದ್ರೆ ಸಾಹೇಬ್ರು ಆಗ್ಲೇ ಬಂದು ಸರಿ ಮಾಡೋರು.”

ಹೌದು ಎಂದೆ.

“ಮತ್ಯಾಕ್ ಅನ್ನಿಲ್ಲ?”

ಅವರ ಜೊತೆ ಹೊರಗೆ ಹೋಗುವ ಆಸೆಯಿತ್ತು ಎಂದೆ. ಆ ಜಗಲಿಯ ಮೇಲೆ ಆ ಉತ್ತರ ಎಷ್ಟು ಚಿಕ್ಕದಾಗಿ ಕೇಳಿಸಿತೆಂದರೆ, ಹಿಂದಕ್ಕೆ ತೆಗೆದುಕೊಳ್ಳುವಂತಿದ್ದರೆ ತೆಗೆದುಕೊಳ್ಳುತ್ತಿದ್ದೆ. ಮಂಗಮ್ಮ ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದಿದ್ದರೆ ಹಗುರವಾಗುತ್ತಿತ್ತು. ಅವಳು ಒಂದು ಕೆಲಸ ಹೇಳಿದಳು.

“ಸಾಹೇಬ್ರಿಗೆ ಬರೀರಿ. ಅವ್ರು ಯಾವ್ದೋ ದೇಸದಲ್ಲಿ ಒಬ್ರೇ ಹೊತ್ಕಂಡ್ ಕುಂತವ್ರೆ. ಬರ್ದಿದ್ದ ನನ್ ಮುಂದೆ ಓದ್ಬುಟ್ಟು ಆಮೇಲೆ ಡಬ್ಬಿಗಾಕಿ. ನಂಗ್ ಓದಕ್ ಬರಲ್ಲ, ಕಿವಿ ಐತೆ.”

ಮಂಗಳವಾರ ಮಧ್ಯಾಹ್ನ ಬರುತ್ತೇನೆಂದು ಒಪ್ಪಿ ಬಂದಿದ್ದೇನೆ. ಆದ್ದರಿಂದ ಇದು ಐದನೆಯ ಕಾಗದ, ಒಲೆಗೆ ಹಾಕಲಾಗದ್ದು.

ನೀವು ಹೊತ್ತುಕೊಂಡು ಹೋದದ್ದು ಪೂರ್ತಿ ನಿಮ್ಮದಲ್ಲ. ನೀವು ಕಡ್ಡಿ ಹಿಡಿಯದಿದ್ದದ್ದು ನಿಜ. ಆದರೆ ಆ ದಿನ ಎರಡು ಕಾವಲಿದ್ದವು, ಎರಡನೆಯದು ನಾನು. ನನ್ನ ಪಾಲನ್ನು ನನಗೆ ವಾಪಸ್ ಕೊಡಿ. ಅದನ್ನು ಕೊಟ್ಟ ಮೇಲೆ ನಿಮಗೆ ನನ್ನ ಮುಖ ನೋಡುವ ಮನಸ್ಸು ಬರುತ್ತದೋ ಇಲ್ಲವೋ, ಅದನ್ನು ನಾನು ಊಹಿಸಲಾರೆ. ಮಾಲೀಕರು ನೀವು ಬಂದರೆ ಈಗಲೂ ಕೆಲಸವಿದೆ ಎಂದು ಬೋರಣ್ಣನ ಹತ್ತಿರ ಹೇಳಿಕಳಿಸಿದ್ದಾರೆ. ಬನ್ನಿ ಎಂದು ಬರೆಯುವ ಹಕ್ಕು ನನಗಿದೆಯೇ ಎಂದು ಯೋಚಿಸಿ ಯೋಚಿಸಿ, ಹಕ್ಕಿನ ಪ್ರಶ್ನೆಯನ್ನು ಪಕ್ಕಕ್ಕಿಟ್ಟು ಬರೆಯುತ್ತಿದ್ದೇನೆ. ಬನ್ನಿ. ಅಥವಾ, ಬಾ ಎಂದು ಒಂದು ಕಾರ್ಡು ಹಾಕಿ. ನೀವು ಬರುತ್ತಿದ್ದ ಹೊತ್ತಿಗೇ, ಸಂಜೆ ಏಳೂವರೆಗೆ, ಯಾರದೋ ಸೈಕಲ್ಲು ನಮ್ಮ ಬೀದಿಗೆ ತಿರುಗುತ್ತದೆ. ನಿಮ್ಮದಲ್ಲ ಎಂದು ಗೊತ್ತಿದ್ದೂ ನಾನು ಒಲೆಯ ಮುಂದಿನಿಂದ ಎದ್ದಿರುತ್ತೇನೆ. ಒಬ್ಬಳ ಬಟ್ಟೆ ಒಗೆಯುವುದು ಐದು ನಿಮಿಷದ ಕೆಲಸ. ಸೋಪಿನ ವಾಸನೆ ಬಿಟ್ಟರೆ ಅದರಲ್ಲಿ ಏನೂ ಇರುವುದಿಲ್ಲ.

ಅಲ್ಲಿ ಮಳೆ ಇನ್ನೇನು ಹಿಡಿಯುತ್ತದೆ. ಒದ್ದೆ ಬಟ್ಟೆಯಲ್ಲಿ ಯಂತ್ರದ ಹತ್ತಿರ ನಿಲ್ಲಬೇಡಿ, ಎದೆಗೆ ಶೀತ ಕೂರುತ್ತದೆ. ಅಲ್ಲಿ ನಿಮ್ಮ ಅಂಗಿಯನ್ನು ಮೂಸುವವರು ಯಾರು? ಯಾರೂ ಇಲ್ಲದಿದ್ದರೆ, ಬೆಳಿಗ್ಗೆ ಐಸಿಗೆ ಬರುವ ಮೀನುಗಾರ ಹೆಂಗಸರಲ್ಲಿ ದಿನಕ್ಕೊಬ್ಬರನ್ನು ಬಾಗಿಲಲ್ಲಿ ನಿಲ್ಲಿಸಿ ಕೇಳಿ. ಅವರ ಮೂಗಿನ ತುಂಬ ಮೀನೇ ಇರುತ್ತದೆ ಎನ್ನಬೇಡಿ, ನಾರಾಯಣಮ್ಮನ ಮೂಗಿನ ತುಂಬ ಮಲ್ಲಿಗೆ ಇದ್ದೂ ಕೆಲಸ ನಡೆಯುತ್ತಿದೆ.

ದೇವರು ನಿಮ್ಮ ಕಣ್ಣು, ಕೈ, ಉಸಿರನ್ನು ಕಾಪಾಡಲಿ. ಉಪ್ಪಿನಕಾಯಿ ಜಾಡಿಯನ್ನು ಯಾರ ಜೊತೆ ಕಳಿಸಲಿ ಎಂದು ತಿಳಿಸಿ, ಅಥವಾ ನಾನೇ ತರಬಹುದೇ ಎಂಬುದನ್ನಾದರೂ.

ಇಂತಿ ನಿಮ್ಮ,
ವಾರಿಜಾ

ತಾ.ಕ.: ಹೋದ ಭಾನುವಾರ ನಾನು ಅಂಗಳ ಇಳಿದು ಹೊರಟಾಗ ಮಂಗಮ್ಮ ಹಿಂದಿನಿಂದ ಇನ್ನೊಂದು ಮಾತು ಕೇಳಿದಳು. “ಹೋಗಿದ್ರಲ್ಲ, ಆ ಸಂಜೆ ಚೆನ್ನಾಗಿತ್ತಾ?” ವ್ಯಂಗ್ಯವಿರಲಿಲ್ಲ, ನಿಜವಾಗಿ ಕೇಳಿದಳು. ನೆನಪಿಲ್ಲ ಎಂದುಬಿಟ್ಟೆ. ಅದು ನಾನು ಹೇಳಿದ ಎರಡನೆಯ ಸುಳ್ಳು. ಬಂಡೆ ಹತ್ತುವಾಗ ನೀವು ಕೈ ಹಿಡಿದು ಮೇಲಕ್ಕೆ ಎಳೆದುಕೊಂಡಿರಿ, ಮೇಲೆ ಹೋದ ಮೇಲೂ ಬಿಡಲಿಲ್ಲ. ಅಷ್ಟು ಜನ ಓಡಾಡುತ್ತಿದ್ದರು. ಕೆಂಪಗೆ ಸೂರ್ಯ ಇಳಿಯುವ ತನಕ ಬಿಡಲಿಲ್ಲ. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ನನಗೆ ಅಂಥ ಇನ್ನೊಂದು ಸಂಜೆ ಇಲ್ಲ. ಬೆಳಿಗ್ಗೆ ಬೋರಣ್ಣನ ಕಪ್ಪು ಕನ್ನಡಕ ಎದುರಿಗೆ ಬಂದಾಗಲೆಲ್ಲ, ಆ ಸಂಜೆ ನಡೆಯದೇ ಇದ್ದಿದ್ದರೆ ಎಂದು ಬಯಸಲು ಪ್ರಯತ್ನಿಸುತ್ತೇನೆ. ಅವನ ಕಣ್ಣು ಉಳಿಯಬೇಕಿತ್ತು ಎಂದು ಮನಸಾರೆ ಬಯಸಬಲ್ಲೆ. ಆ ಸಂಜೆ ಬೇಡವಿತ್ತು ಎಂದು ಬಯಸಲು ನನ್ನಿಂದ ಇವತ್ತಿನವರೆಗೂ ಆಗಿಲ್ಲ. ನಾನು ಎಂಥವಳು ಎಂದು ನನಗೇ ತಿಳಿಯದು. ಮಂಗಳವಾರ ಮಂಗಮ್ಮನಿಗೆ ಈ ತಾ.ಕ. ಕೂಡ ಓದಿ ಹೇಳುತ್ತೇನೆ. ಓದಿದ ಮೇಲೆ, ಬುಧವಾರ, 29 ಮೇ 1963, ಬೆಳಗಿನ ಟಪಾಲಿಗೆ ಹಾಕುತ್ತೇನೆ.